ಎರಡು ಪಾಟ್ಲಿಯ ಮೌತ್‌ಪೀಸು

ಪೆಟ್ಟಿಗೆಯ ಎಡಗಡೆಯ ಕೊಂಡಿ ಸದ್ದಿಲ್ಲದೆ ಬಿಚ್ಚಿಕೊಂಡಿತು. ಬಲಗಡೆಯದು ಮಾತ್ರ ಟಪ್ಪೆಂದು ಊರಿಗೆಲ್ಲ ಕೇಳುವ ಹಾಗೆ ಸಿಡಿಯಿತು. ಅಮೋಗಸಿದ್ದನ ಜೀವ ಬಾಯಿಗೆ ಬಂತು. ಪಡಸಾಲೆಯಲ್ಲಿ ಅಳುತ್ತಿದ್ದ ಹೆಂಗಸರು ಗಪ್ಪನೆ ಅಳು ನಿಲ್ಲಿಸಿ ಗೋಡೆಗೆ ಕಿವಿ ಕೊಟ್ಟರು ಅಂತ ಅವನಿಗೆ ಅನಿಸಿತು. ಯಾರೂ ನಿಲ್ಲಿಸಿರಲಿಲ್ಲ. ಅವನ ಕಿವಿಯೇ ಕಿವುಡಾಗಿತ್ತು.

ಒಳಮನೆಗೆ ಅವನನ್ನು ಕಳಿಸಿದ್ದು ಹಂಡೆ ತರಲಿಕ್ಕೆ. ಬೆಳಗಿನ ನಮಾಜು ಮುಗಿಸಿ ಹೊರಸಿನ ಮೇಲೆ ಕೂತ ಅವನ ದೋಸ್ತ ಅಲ್ಲಾಭಕ್ಷ, ಕೂತವನು ಕೂತ ಹಾಗೆಯೇ ಹೋಗಿಬಿಟ್ಟಿದ್ದ. ಮಯ್ಯತ್ತಿಗೆ ಸ್ನಾನ ಮಾಡಿಸಲು ನೀರು ಕಾಯಬೇಕಿತ್ತು. ಹಂಡೆ ಅಮೋಗಸಿದ್ದನ ಕಾಲ ಬಳಿಯೇ ಇತ್ತು. ಅವನ ಕೈ ಮಾತ್ರ ಗೋಡೆಯ ಮಾಡದಲ್ಲಿದ್ದ ಕ್ಲಾರಿನೆಟ್ಟಿನ ಪೆಟ್ಟಿಗೆಯೊಳಗಿತ್ತು.

"ಅಮೋಗಸಿದ್ದಣ್ಣಾ, ಹಂಡೆ ಸಿಕ್ತೇನು?" ಸತ್ತವನ ಹೆಂಡತಿ ಲಾಲಬಿ ಪಡಸಾಲೆಯಿಂದಲೇ ಕೇಳಿದಳು.

"ಸಿಕ್ತರಿ ವೈನಿ! ತಂದ್ನಿ!"

ಹೆಬ್ಬೆರಳಿನಷ್ಟು ಉದ್ದದ, ಕೊಕ್ಕಿನಂಥ, ಗಟ್ಟಿ ರಬ್ಬರಿನ ಕರಿ ಮೌತ್‌ಪೀಸು ಅವನ ಕೈಗೆ ಸಿಕ್ಕಿತು. ಊದುವವನ ಬಾಯಿಗೂ ವಾದ್ಯಕ್ಕೂ ನಡುವೆ ಇರುವ ತುಂಡು ಅದು. ಅದನ್ನು ಕೋಟಿನ ಒಳಕಿಸೆಗೆ ತುರುಕಿ, ಪೆಟ್ಟಿಗೆ ಮುಚ್ಚಿ ತಿರುಗಿದರೆ ಬಾಗಿಲಲ್ಲಿ ಯಮನವ್ವ ಕಸಬರಿಗೆ ಹಿಡಿದು ನಿಂತಿದ್ದಳು. ಮೂರು ಮನೆ ಆಚೆಯ ಬಡ ಮುದುಕಿ. ಕರೆದರೂ ಬರುತ್ತಿದ್ದಳು, ಕರೆಯದಿದ್ದರೂ ಬರುತ್ತಿದ್ದಳು.

"ಏನ ಹುಡಕ್ತಿಯೋ ಯಣ್ಣಾ?"

"ಹಂಡೆ."

"ಹಂಡೆ ನಿನ್ನ ಕಾಲಾಗ ಐತಲ್ಲೊ! ದುಃಖದಾಗ ಕಣ್ಣ ಕಾಣವಲ್ದು, ಪಾಪ," ಅಂದಳು ಆಕೆ. ಅಂದು, ಕಸ ಹೊಡೆಯಲು ಒಳಗೆ ಬಂದಳು.

ಹಂಡೆ ಎತ್ತಿಕೊಂಡು ಅಮೋಗಸಿದ್ದ ಅಂಗಳಕ್ಕೆ ಹೊರಟ. ಹಂಡೆ ಎರಡು ಸೇರು ತೂಗಿದರೆ ಕಿಸೆಯದು ಎರಡು ಮಣ ತೂಗುತ್ತಿತ್ತು.

ಮುಂಜಾನೆಯೇ ಮಗ ಸೈಫ ಆ ಮಾತು ಆಡಿದ್ದ. "ಅಪ್ಪಾನ ಕ್ಲಾರ್ನೆಟ್ ಜುಬೇರ ಒಯ್ಯಲಿ. ಮನ್ಯಾಗ ಇಟ್ರ ಅವ್ವ ನೋಡಿ ನೋಡಿ ಅಳತಾಳ." ಜುಬೇರ ಅಂದರೆ ಮಗಳು ನಾಹಿದಳ ಗಂಡ. ಮಿರಜಿನಲ್ಲಿ ವಾದ್ಯ ರಿಪೇರಿ ಮಾಡುವವನು. ಗಂಡ ಹೆಂಡತಿ ಇಬ್ಬರೂ ಆಗಲೇ ಮಿರಜ ಬಿಟ್ಟಿದ್ದರು. ಜುಬೇರ ಒಮ್ಮೆ ಪೆಟ್ಟಿಗೆ ತೆರೆದು, ಮೌತ್‌ಪೀಸನ್ನು ಬೆಳಕಿಗೆ ಹಿಡಿದರೆ ಸಾಕಿತ್ತು. ಹತ್ತೊಂಬತ್ತು ವರ್ಷ ಅಮೋಗಸಿದ್ದನ ಹೊಟ್ಟೆಯಲ್ಲಿ ಕೂತಿದ್ದು ಹೊರಗೆ ಬರುತ್ತಿತ್ತು.

ಬೇವಿನ ಗಿಡದ ಕೆಳಗೆ ಬ್ಯಾಂಡಿನವರು ಕೂತಿದ್ದರು. ಕಂಪನಿಯ ಮಾಲಕ ತಾನಾಜಿ, ತಾಶಾ ಬಾರಿಸುವ ವಿಠೋಬ. ವಿಠೋಬನ ಬಾಯಿಯನ್ನು ಸಾವೂ ಮುಚ್ಚಿಸಿರಲಿಲ್ಲ.

"ಉಮದಿ ಹಾದ್ಯಾಗ ಒಮ್ಮೆ ಎಸ್‌ಟಿ ಬಸ್ಸು ಬಂದ್ ಬಿತ್ತು," ಅವನು ಹೇಳುತ್ತಿದ್ದ. "ಡ್ರೈವರ ಕೈ ಚೆಲ್ಲಿದ. ಅಲ್ಲಾಭಕ್ಷ ಮುಂದಿನ ಸೀಟಿನ್ಯಾಗ ಕುಂತ ಕ್ಲಾರ್ನೆಟ್ ಹಚ್ಚಿದ ನೋಡು. ಗಾಡಿ ತಾನಾಗೇ ಚಾಲೂ ಆತು!"

"ಬಂಡಲ ಹಾಕಬ್ಯಾಡೋ ವಿಠ್ಯಾ," ಅಂದ ತಾನಾಜಿ.

"ಖರೇನರಿ! ನೂಕಾಕಂತ ನಾ ಇಳದಿದ್ನಿ. ನನ್ನ ಬಿಟ್ಟ ಹೋತದು. ಸಂಖದ ತನಾ ನಡಕೋತ ಬಂದೀನಿ."

ತಾನಾಜಿ ಟವೆಲ್ಲು ಬಾಯಿಗೊತ್ತಿಕೊಂಡ. ನಗುವೋ ಅಳುವೋ ಅವನಿಗೇ ತಿಳಿಯಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಅಂದ: "ಅಂಥಾ ದಮ್ಮು ಒಂದು ಮುಂಜಾನಿಗೆ ಹೆಂಗ ಹೋತೋ ಮಾರಾಯಾ? ಇವತ್ತಿಗೂ ನನಗ ತಿಳದಿಲ್ಲ."

"ಯಾರದೋ ದೃಷ್ಟಿ," ಅಂದ ವಿಠೋಬ. "ಏನಂತಿ ಅಮೋಗಣ್ಣಾ? ಅವತ್ತ ನೀನೂ ಡೊಳ್ಳ ಹೊತ್ತು ಬಾಜೂಕ ಇದ್ದಿ."

ಅಮೋಗಸಿದ್ದ ಒಲೆಗೆ ಬಗ್ಗಿ ಜಾಲಿಯ ಕೊರಡು ನೂಕಿದ. ಉರಿ ಭಗ್ಗನೆ ಎದ್ದಿತು. ಕೋಟು ಕಾದು, ಕಿಸೆ ಬೆಚ್ಚಗಾಯಿತು. ಒಳಗಿನಿಂದ ಸುಟ್ಟ ರಬ್ಬರಿನ, ಗಂಧಕದ ವಾಸನೆ ಮೂಗಿಗೆ ಬಡಿದ ಹಾಗಾಗಿ ಅವನು ಒಲೆಯಿಂದ ಮಾರುದೂರ ಹಾರಿ ನಿಂತ.

"ಯಾಕ, ಚೇಳ ಕಡೀತ?" ಅಂದ ವಿಠೋಬ.

* * *

ಇಪ್ಪತ್ತೊಂದು ವರ್ಷದ ಹಿಂದೆ ಕ್ಲಾರಿನೆಟ್ಟು ಅಲ್ಲಾಭಕ್ಷನಿಗೆ ಅಗ್ಗಕ್ಕೆ ಸಿಕ್ಕಿತ್ತು. ಮುದುಕ ಉಸ್ತಾದನೊಬ್ಬ ನಾಲ್ಕು ಸಾವಿರಕ್ಕೆ ಕೊಟ್ಟಿದ್ದ. ಆದರೆ ಅದರ ಬಾಯಿ ಸೀಳಿತ್ತು. ಹೊಸ ಮೌತ್‌ಪೀಸಿಗೆ ಅಂತ ಅವನೂ ಅಮೋಗಸಿದ್ದನೂ ಮಿರಜಿಗೆ ಹೋದರು. ಅಂಗಡಿಯವನು ಹತ್ತಿಯೊಳಗಿಂದ ಒಂದು ಕರಿ ತುಂಡು ತೆಗೆದಿಟ್ಟು, "ಫ್ರಾನ್ಸದ್ದು. ಹನ್ನೊಂದು ಸಾವಿರ," ಅಂದ.

ಅಮೋಗಸಿದ್ದ ಕಂಬಳಿ ಕೊಡವಿ ಎದ್ದೇಬಿಟ್ಟ. "ನಡಿಯೋ. ಕುದುರಿ ನಾಕು ಸಾವಿರಕ್ಕ, ಲಗಾಮು ಹನ್ನೊಂದಕ್ಕ? ನನ್ನ ಡೊಳ್ಳಿಗೇನ ಖರ್ಚೈತಿ ನೋಡು. ಕುರೀನೂ ಮನೀದು, ಚರ್ಮಾನೂ ಮನೀದು."

ಅಲ್ಲಾಭಕ್ಷ ಏಳಲಿಲ್ಲ. ಅದನ್ನು ತುಟಿಗಿಟ್ಟು ಒಮ್ಮೆ ಊದಿದ. ರಸ್ತೆಯಲ್ಲಿ ಹೋಗುತ್ತಿದ್ದ ಟಾಂಗಾದ ಕುದುರೆ ಕಿವಿ ನೆಟ್ಟಗೆ ಮಾಡಿತು. ಟಾಂಗಾದವನು ಎಷ್ಟು ಹೊಡೆದರೂ ಅದು ಸ್ವರ ಮುಗಿಯುವವರೆಗೆ ಕಾಲು ಕೀಳಲಿಲ್ಲ ಅಂತ ಆಮೇಲೆ ವಿಠೋಬ ಊರಿಗೆಲ್ಲ ಹೇಳಿದ. ಅವನು ಅಲ್ಲಿರಲೇ ಇಲ್ಲ.

ಮರುವಾರ ಲಾಲಬಿ ಕೈಯ ಎರಡೂ ಬಂಗಾರದ ಪಾಟ್ಲಿ ಕಳಚಿಕೊಟ್ಟಳು. "ನನ್ನ ಕೈ ಖಾಲಿ ಆದ್ರ ಆಗವಲ್ದ್ಯಾಕ," ಅಂದಳು. "ನಿಮ್ಮ ಬಾಯರ ಬಂಗಾರ ಆಗ್ಲಿ."

ಊರವರು ನಕ್ಕರು. ಅಲ್ಲಾಭಕ್ಷ ಊಟ ಮಾಡುವಾಗ ಕೆಮ್ಮಿದರೂ "ಪಾಟ್ಲಿ ಜೋಪಾನ!" ಅಂದರು. ಖರ್ಚು ಅಲ್ಲಿಗೇ ಮುಗಿಯಲಿಲ್ಲ. ಮೌತ್‌ಪೀಸಿಗೆ ಕಟ್ಟುವ ತೆಳು ಜೊಂಡಿನ ಪತ್ತಿ ಒಂದಕ್ಕೆ ತೊಂಬತ್ತು ರೂಪಾಯಿ. ಅಂದಿನ ಎರಡು ದಿನದ ಕೂಲಿ. ಅದು ಸವೆದರೆ ಅವನು ಗಾಜಿನ ಚೂರಿನಿಂದ ಹೆರೆದು ಹೆರೆದು ಮತ್ತೆ ಬಳಸುತ್ತಿದ್ದ. ಆದರೆ ಎರಡು ವರ್ಷ ಜತ್ತ ತಾಲೂಕಿನಲ್ಲಿ ಮದುವೆ ಗೊತ್ತಾದರೆ ಮೊದಲು ಅಲ್ಲಾಭಕ್ಷನ ತಾರೀಖು ಕೇಳುತ್ತಿದ್ದರು, ಆಮೇಲೆ ಭಟ್ಟರ ಮುಹೂರ್ತ.

* * *

ಹನ್ನೊಂದರ ಹೊತ್ತಿಗೆ ನಾಹಿದಳ ಅಳು ಓಣಿಯ ತುದಿಯಿಂದಲೇ ಕೇಳಿಸಿತು. ಹಿಂದೆ ಜುಬೇರ ತಲೆ ತಗ್ಗಿಸಿ ಬಂದ. ಗಂಡಸರ ಕೈ ಮುಟ್ಟಿದ, ಅಮೋಗಸಿದ್ದನ ಕೈಯನ್ನೂ ಎರಡೂ ಕೈಯಲ್ಲಿ ಹಿಡಿದ.

"ಕಾಕಾ, ಮಾವಾ ನಿಮ್ಮ ಹೆಸರ ತಗೀದ ಒಂದಿನಾ ಇರತಿದ್ದಿಲ್ಲರಿ," ಅಂದ. "ಕ್ಲಾರ್ನೆಟ್ ಒಮ್ಮೆ ನೋಡತೀನಂದ್ರ ಹತ್ತ ವರ್ಷದಾಗ ಒಮ್ಮೇನೂ ತೋರಸ್ಲಿಲ್ಲ. ಸಾಮಾನ ಚಲೋ ಐತಿ, ಕೆಟ್ಟಾಂವ ನಾ ಅಂತಿದ್ರು."

ಅಮೋಗಸಿದ್ದ ಕೈ ಬಿಡಿಸಿಕೊಂಡ. "ಹೂಂನಪ್ಪಾ," ಅಂದ.

ಸ್ನಾನವಾಯಿತು, ಕಫನ್ ಬಟ್ಟೆ ಸುತ್ತಿದರು. ಮಧ್ಯಾಹ್ನದ ಜೋಹರ ನಮಾಜಿಗೆ ಇನ್ನೂ ಹೊತ್ತಿತ್ತು. ಆಗ ಒಳಗಿನಿಂದ ಲಾಲಬಿಯ ಚೀರು ಬಂತು. ಗಂಡ ಸತ್ತಾಗಲೂ ಆಕೆ ಹಾಗೆ ಚೀರಿರಲಿಲ್ಲ. ಜುಬೇರನಿಗೆ ಒಪ್ಪಿಸಲೆಂದು ಪೆಟ್ಟಿಗೆ ತೆರೆದಿದ್ದಳು.

"ಬಾಯೇ ಇಲ್ಲ! ನನ್ನ ಪಾಟ್ಲಿ ಇಲ್ಲ! ನಿನ್ನೆ ಸಂಜಿಗೆ ನಾನ ಒರಸಿ ಇಟ್ಟೀನಿ!"

ಹೆಂಗಸರೆಲ್ಲ ಎದ್ದು ನಿಂತರು. ಅಮೋಗಸಿದ್ದನ ಹೆಂಡತಿ ದುಂಡವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ನ್ಯಾಯ ಹೇಳುವುದರಲ್ಲಿ ಆಕೆ ಯಾವತ್ತೂ ಮುಂದೆ.

"ಮುಂಜಾನೆ ಒಳಗ ಕಸಾ ಹೊಡದಾಕಿ ಯಾರು? ಯಮನವ್ವ!"

"ನಾನ್ಯಾಕ ತಗೊಳ್ಳಲೇ ಅದನ್ನ? ನಾ ಏನ್ ಮದವ್ಯಾಗ ಊದಾಕ ಹೊಂಟೀನೇನ?"

"ಊದೂದಿಲ್ಲ, ಮಾರತಿ."

"ನಿನ್ನ ಗಂಡನೂ ಒಳಗ ಬಂದಿದ್ನಲ್ಲ, ಹಂಡೆ ತಗೊಂಡ ಹೋಗಾಕ! ಅವನ್ನ ಕೇಳು!"

"ನನ್ನ ಗಂಡಗ ಮತ್ತ ಸತ್ತಾಂವಗ ನಾಲ್ವತ್ತ ವರ್ಷದ ದೋಸ್ತಿ!" ದುಂಡವ್ವ ಕುದಿದಳು. "ಅಂವ ಕದ್ದಾನು? ನಾಲಿಗಿ ಬಿದ್ದೋದೀತ ನಿಂದು!"

ಎಲ್ಲರ ಕಣ್ಣೂ ಅಂಗಳಕ್ಕೆ ಹೊರಳಿದವು. ಅಮೋಗಸಿದ್ದನ ಕೈ ತಾನಾಗಿಯೇ ಕೋಟಿನ ಎದೆಗೆ ಹೋಯಿತು. ಬೆವರು ಬೆನ್ನ ಮೇಲೆ ಇರುವೆ ಸಾಲಿನ ಹಾಗೆ ಇಳಿಯಿತು. ಈಗ ಹೇಳಬೇಕು. ಈಗ ಹೇಳಿದರೆ ಹಳೆಯ ತಪ್ಪಿನ ಮೇಲೆ ಕಳ್ಳತನವೂ ಕೂತುಕೊಳ್ಳುತ್ತದೆ.

"ಹಂಡೆ ತರಾಕ ಹೋಗಿದ್ನಿ," ಅಂದ. ಅಷ್ಟೇ ಅಂದ.

ಯಮನವ್ವ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಯಾರೂ ಕೇಳದಿದ್ದರೂ ಸೆರಗು ಬಿಚ್ಚಿ ಎಲ್ಲರೆದುರು ಝಾಡಿಸಿದಳು. ಅಡಿಕೆ ಚೂರು ಎರಡು, ಐದು ರೂಪಾಯಿಯ ನಾಣ್ಯ ಒಂದು ನೆಲಕ್ಕೆ ಬಿದ್ದವು. ಆಕೆ ಅವನ್ನು ಆರಿಸಿಕೊಳ್ಳಲಿಲ್ಲ. ಹೊಸ್ತಿಲ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

* * *

ಹತ್ತೊಂಬತ್ತು ವರ್ಷದ ಹಿಂದೆ, ಮುಚ್ಚಂಡಿಯಲ್ಲಿ ಮದುವೆ. ಮಾಘ ಮಾಸದ ಚಳಿ. ಮಾತಾಡಿದರೆ ಮಾತು ಹೆಪ್ಪುಗಟ್ಟಿ ಕೆಳಗೆ ಬೀಳುವಂಥ ಚಳಿ. ನಸುಕಿನಲ್ಲಿ ಅಮೋಗಸಿದ್ದ ಡೊಳ್ಳು ಮುಟ್ಟಿದರೆ ಅದು ಹಸಿ ಕುಂಬಳಕಾಯಿಯ ಹಾಗೆ ಬೊದ್ ಅಂದಿತು. ಕಟ್ಟಿಗೆ ಕೂಡಿಸಿ ಬೆಂಕಿ ಮಾಡಿ ಡೊಳ್ಳು ಕಾಯಿಸಲು ಕೂತ. ಅವನ ಅಪ್ಪ, ಅಜ್ಜ ಎಲ್ಲರೂ ಮಾಡಿದ್ದು ಅದನ್ನೇ. ಚರ್ಮ ಬೆಂಕಿ ಕಂಡರೆ ಬಿಗಿಯುತ್ತದೆ, ಬಿಗಿದರೆ ನುಡಿಯುತ್ತದೆ.

"ಥಂಡೀಗೆ ಇದರ ಸ್ವರ ಇಳದ ಹೋಗೇತೋ," ಅಲ್ಲಾಭಕ್ಷ ಕ್ಲಾರಿನೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಕೂಸಿನ ಹಾಗೆ ಬೆಚ್ಚಗೆ ಮಾಡುತ್ತಿದ್ದ. "ನಮಾಜ ಮುಗಿಸಿ ಬರತೀನಿ, ನೋಡಿಕೊಂತಿರು."

ನೋಡಿಕೊಂತಿರು ಅಂದಿದ್ದ. ಅಮೋಗಸಿದ್ದ ನೋಡಿಕೊಂಡ. ದೋಸ್ತನ ಸಾಮಾನು ಚಳಿಯಲ್ಲಿ ಬಿದ್ದಿದೆ, ತನ್ನ ಡೊಳ್ಳು ಬೆಂಕಿ ಕಾಯಿಸಿಕೊಳ್ಳುತ್ತಿದೆ ಅಂತ ಅವನಿಗೆ ಕೆಡುಕೆನಿಸಿತು. ಕರಿ ಮೌತ್‌ಪೀಸನ್ನು ಬಿಚ್ಚಿ ಉರಿಯ ಬದಿಯ ಬಿಸಿ ಕಲ್ಲಿನ ಮೇಲೆ ಮಲಗಿಸಿದ. ಅಷ್ಟರಲ್ಲಿ ಬೀಗರ ಕಡೆಯವರು ಚಹಾ ತಂದರು. ಒಂದು ಕಪ್ಪು ಕುಡಿಯುವಷ್ಟು ಹೊತ್ತು. ಗಂಧಕದ ನಾತ ಬಡಿದಾಗ ತಿರುಗಿ ನೋಡಿದ.

ಸುಟ್ಟಿರಲಿಲ್ಲ. ಕರಿ ಬಣ್ಣ ತುಸು ಹಸಿರಿಗೆ ತಿರುಗಿತ್ತು. ತುದಿ ಕೂದಲೆಳೆಯಷ್ಟು ಹೊರಳಿತ್ತು. ಅಷ್ಟೇ. ಕಂಬಳಿಯಿಂದ ಒರೆಸಿ, ಇದ್ದಲ್ಲೇ ಇಟ್ಟ. ಬಂಗಾರದ ಬೆಲೆಯ ಸಾಮಾನು, ಇಷ್ಟಕ್ಕೆ ಏನಾದೀತು ಅಂದುಕೊಂಡ.

ಮೆರವಣಿಗೆ ಹೊರಟಿತು. ಅಲ್ಲಾಭಕ್ಷ ಕಣ್ಣು ಮುಚ್ಚಿ ಊದಿದ. ಕ್ಲಾರಿನೆಟ್ಟು ಕಾಲ್ತುಳಿತಕ್ಕೆ ಸಿಕ್ಕ ನಾಯಿಮರಿಯ ಹಾಗೆ ಕುಂಯ್ ಅಂದಿತು. ಮದುಮಗ ಬೆಚ್ಚಿಬಿದ್ದ. ಜನ ಹೋ ಅಂತ ನಕ್ಕರು. ಅಲ್ಲಾಭಕ್ಷ ಪತ್ತಿ ಬದಲಿಸಿದ. ಮತ್ತೆ ಕುಂಯ್. ಆ ದಿನ ಒಂಬತ್ತು ಪತ್ತಿ ಬದಲಿಸಿದ. ತುಟಿ ಒಡೆದು ರಕ್ತ ಬಂತು. ಕೊನೆಗೆ ಕ್ಲಾರಿನೆಟ್ಟು ಕೆಳಗಿಳಿಸಿ, ಮೆರವಣಿಗೆಯ ಹಿಂದೆ ಸುಮ್ಮನೆ ನಡೆದ.

"ಮೌತಪೀಸ ಏನರ ಕೆಟ್ಟೈತೇನೋ?" ತಾನಾಜಿ ಕೇಳಿದ.

"ಹನ್ನೊಂದ ಸಾವಿರದ್ದು ಎರಡ ವರ್ಷಕ್ಕ ಕೆಡತೈತೇನ್ರಿ?" ಅಂದ ಅಲ್ಲಾಭಕ್ಷ. "ಕೆಟ್ಟಿದ್ದು ನಾನು. ದಮ್ಮ ಹೋತು ನಂದು."

ಡೊಳ್ಳು ಹೊತ್ತ ಅಮೋಗಸಿದ್ದ ಎರಡು ಹೆಜ್ಜೆ ಹಿಂದಿದ್ದ. ಅವನಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಅವನ ಡೊಳ್ಳು ಆ ದಿನ ಗುಡುಗಿನ ಹಾಗೆ ನುಡಿಯುತ್ತಿತ್ತು.

ಆಮೇಲೆ ಜತ್ತದ ಡಾಕ್ಟರು, ಎಕ್ಸರೇ. ಅದರಲ್ಲೇನೂ ಕಾಣಲಿಲ್ಲ. ಕಾಣದ ರೋಗ ದೊಡ್ಡದು ಅಂತ ಲಾಲಬಿ ದಿನಾ ಆಡುಸೋಗೆ ಸೊಪ್ಪಿನ ಕಷಾಯ ಕುಡಿಸಿದಳು. ಮಿರಜಿನ ಅಂಗಡಿಯವನೆದುರು ಹೋಗಿ ಕುಂಯ್ ಅನ್ನಿಸಲು ಅಲ್ಲಾಭಕ್ಷನಿಗೆ ನಾಚಿಕೆ. ಸಂಖದ ಬಸ್ ಸ್ಟ್ಯಾಂಡಿನ ಬದಿಗೆ ಪಂಕ್ಚರ್ ಅಂಗಡಿ ಹಾಕಿದ. "ನನ್ನ ದಮ್ಮ ಹೋದ್ರ ಹೋತು, ಟ್ಯೂಬಿಗೆ ಪಂಪ ಐತಿ," ಅಂತ ನಗುತ್ತಿದ್ದ.

"ಅಲ್ಲಾಭಕ್ಷ, ಒಂದ ಮಾತೈತಿ," ಅಮೋಗಸಿದ್ದ ಕುರಿ ಬಿಟ್ಟು ಬಂದು ಅಂಗಡಿಯ ಮುಂದೆ ಕೂರುತ್ತಿದ್ದ.

"ಏನಲೇ?"

"ಚಾ ಕುಡಿಯೂನ ನಡಿ."

ಆ ಮಾತು ನುಂಗಲು ಹತ್ತೊಂಬತ್ತು ವರ್ಷ ಕುಡಿದ ಚಹಾ ಸುರಿದಿದ್ದರೆ ಸಂಖದ ಕೆರೆ ಎರಡು ಸಲ ಕೋಡಿ ಬೀಳುತ್ತಿತ್ತು.

* * *

ಮಸೂತಿಯ ಅಂಗಳದಲ್ಲಿ ಅಲ್ಲಾಭಕ್ಷನನ್ನು ಹೊತ್ತು ತಂದ ಜನಾಜಾ ಇಳಿಸಿದರು. ನಮಾಜಿಗೆ ನಿಲ್ಲುವವರು ಸಾಲಾದರು. ಅಮೋಗಸಿದ್ದ, ತಾನಾಜಿ, ವಿಠೋಬ ಚಪ್ಪಲಿಗಳ ಬದಿ ಗೋಡೆಗೆ ಹತ್ತಿ ನಿಂತರು. ಮುಲ್ಲಾಸಾಬರು ಜನದ ಕಡೆ ತಿರುಗಿ ದನಿ ಎತ್ತಿದರು. ಮಣ್ಣಿಗಿಡುವ ಮುಂಚೆ ಯಾವಾಗಲೂ ಕೇಳುವ ಮಾತು ಅದು.

"ಅಲ್ಲಾಭಕ್ಷನ ಕಡಿಂದ ಯಾರಿಗರ ಏನರ ಬರೂದಿದ್ರ ಈಗ ಹೇಳ್ರಿ, ಮಗಾ ಸೈಫ ತೀರಸ್ತಾನ. ಯಾರ ಮನಸ್ಸರ ನೋಯಿಸಿದ್ರ ಮಾಫ ಮಾಡ್ರಿ."

"ಮಾಫ ಐತ್ರಿ, ಮಾಫ ಐತಿ," ಜನ ಗುನುಗಿದರು.

ಬರುವುದಿದ್ದವರನ್ನು ಕೇಳಿದರು. ಕೊಡುವುದಿದ್ದವರನ್ನು ಯಾರೂ ಕೇಳಲಿಲ್ಲ. ಅಮೋಗಸಿದ್ದನ ಎದೆ ಒಂದು ಕ್ಷಣ ಹಗುರಾಯಿತು. ಸುಮ್ಮನಿದ್ದರೆ ಇನ್ನು ಅರ್ಧ ಗಂಟೆಯಲ್ಲಿ ಎಲ್ಲವೂ ಮಣ್ಣಾಗುತ್ತದೆ. ಕಿಸೆಯದನ್ನು ಯಾವುದಾದರೂ ಹಾಳು ಬಾವಿಗೆ ಎಸೆದರಾಯಿತು. ಆದರೆ ಗೋಡೆಗೆ ಮುಖ ಮಾಡಿ ಕೂತ ಯಮನವ್ವನ ಬೆನ್ನು ಕಣ್ಣಿಗೆ ಬಂತು. ಅಲ್ಲಾಭಕ್ಷ ತನ್ನದಲ್ಲದ ತಪ್ಪು ಹೊತ್ತು ಹತ್ತೊಂಬತ್ತು ವರ್ಷ ಬದುಕಿದ. ಈ ಮುದುಕಿಗೆ ಎಷ್ಟು ವರ್ಷ ಉಳಿದಿವೆ?

ಮುಲ್ಲಾಸಾಬರು ನಮಾಜಿಗೆಂದು ಪಶ್ಚಿಮಕ್ಕೆ, ಕಿಬ್ಲಾದ ಕಡೆ ತಿರುಗುತ್ತಿದ್ದರು.

"ನಂದೈತ್ರಿ."

ಅದು ತನ್ನದೇ ದನಿ ಅಂತ ಅಮೋಗಸಿದ್ದನಿಗೆ ಗುರುತು ಹತ್ತಲಿಲ್ಲ. ಸಾಲುಗಳೆಲ್ಲ ಹೊರಳಿ ನೋಡಿದವು.

"ಎಷ್ಟು ಬರೂದೈತೋ ಅಮೋಗಸಿದ್ದ?"

"ಬರೂದಲ್ರಿ. ಕೊಡೂದು."

ಕೋಟಿನ ಒಳಗೆ ಕೈ ಹಾಕಿದ. ಕರಿ ತುಂಡನ್ನು ಅಂಗೈ ಮೇಲೆ ಹಿಡಿದ. "ಯಮನವ್ವ ತಗೊಂಡಿಲ್ಲ. ನಾ ತಗೊಂಡೀನಿ. ಜುಬೇರ ನೋಡಿಗೀಡ್ಯಾನಂತ ಹೆದರಿ ಮುಂಜಾನೆ ಕದ್ನಿ. ಮುಚ್ಚಂಡಿ ಮದವ್ಯಾಗ... ಡೊಳ್ಳ ಕಾಸೂ ಮುಂದ ಇದನ್ನೂ ಬೆಂಕೀಗೆ ಇಟ್ಟಿದ್ನಿ. ಬೆಚ್ಚಗ ಆಗ್ಲಿ ಅಂತ."

ಜುಬೇರ ಸಾಲು ಬಿಟ್ಟು ಬಂದ. ಮೌತ್‌ಪೀಸನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅದರ ತುದಿ ನೋಡಿದ. ಮೂಸಿ ನೋಡಿದ. ಬಹಳ ಹೊತ್ತು ಹಿಡಿಯಲಿಲ್ಲ ಅದು.

"ತುದಿ ಹೊಳ್ಳೈತಿ," ಅಂದ. "ಇದನ್ನ ಯಾರ ಊದಿದ್ರೂ ಕಿರಚತೈತಿ. ಮಾವಾನ ದಮ್ಮಿಗೆ ಏನೂ ಆಗಿದ್ದಿಲ್ಲ."

ವಿಠೋಬನ ಬಾಯಿ ತೆರೆದಿತ್ತು, ಅದರಿಂದ ಏನೂ ಹೊರಬರಲಿಲ್ಲ. ತಾನಾಜಿ ಗೋಡೆಗುಂಟ ಒಂದು ಗೇಣು ಅತ್ತ ಸರಿದ.

ಸೈಫ ಬಂದು ಎದುರು ನಿಂತ. ಅಪ್ಪನಿಗಿಂತ ಎತ್ತರದ ಆಳು. "ಒಂದ ಮಾತ ಹೇಳಿದ್ರ ಸಾಕಾಗಿತ್ತಲ್ಲ ಕಾಕಾ. ಯಾರಿಗೆ ಹೆದರಿದ್ರಿ? ನಮ್ಮಪ್ಪಗ?"

"ಮೊದಲ ರೊಕ್ಕಕ್ಕ ಹೆದರಿದ್ನೆಪಾ. ಅರ್ಧ ಹಿಂಡ ಮಾರಬೇಕಾಗತಿತ್ತು." ಅಮೋಗಸಿದ್ದ ಸೈಫನ ಮುಖ ನೋಡಲಿಲ್ಲ, ಅವನ ಬರಿಗಾಲು ನೋಡಿದ. "ಆಮ್ಯಾಲೆ, ಹೆದರಿ ಸುಮ್ಮ ಕುಂತಿದ್ನಲ್ಲ, ಅದಕ್ಕ ಹೆದರಿದ್ನಿ. ವರ್ಷಾ ವರ್ಷಾ ಅದು ದೊಡ್ಡದಾತು. ಮಾಫ..." ಮಾತು ಪೂರ್ತಿಯಾಗಲಿಲ್ಲ.

ಸೈಫ ಮುಲ್ಲಾಸಾಬರ ಕಡೆ ನೋಡಿದ. ಅವರು ಗಡ್ಡದ ಮೇಲೆ ಕೈಯಾಡಿಸಿದರು. "ಸಾಮಾನಿಂದು ನೀ ಮಾಫ ಮಾಡಬಹುದಪ್ಪಾ, ನೀ ವಾರಸದಾರ. ಉಳದದ್ದನ್ನ ಮಾಡಾಂವ ಇಲ್ಲಿ ಮಲಗ್ಯಾನ."

ಸೈಫ ಹಿಂದಕ್ಕೆ ತಿರುಗಿದ. ಹಿಂದಿನ ಸಾಲಿನವನಿಗೆ, "ಮನಿಗೆ ಹೋಗಿ ಯಮನವ್ವಗ ಹೇಳು. ಅವ್ವಗೂ ಹೇಳು," ಅಂದು ತನ್ನ ಜಾಗಕ್ಕೆ ಹೋಗಿ ನಿಂತ.

ನಮಾಜಾಯಿತು. ಜನಾಜಾ ಎತ್ತಿದರು. ಹೆಗಲು ಕೊಡುವುದು ಪುಣ್ಯದ ಕೆಲಸ, ನಾಲ್ಕು ಹೆಜ್ಜೆಗೊಬ್ಬರು ಬದಲಾಗುತ್ತ ಹೋಗುತ್ತಾರೆ, ಊರಲ್ಲಿ ಯಾವ ಜಾತಿಯವರೂ ಅದಕ್ಕೆ ಹಿಂದುಮುಂದು ನೋಡುವುದಿಲ್ಲ. ತಾನಾಜಿ ಕೊಟ್ಟ. ವಿಠೋಬ ಕೊಟ್ಟ. ಅಮೋಗಸಿದ್ದ ಇಪ್ಪತ್ತು ಹೆಜ್ಜೆ ಹಿಂದೆ, ಧೂಳಿನಲ್ಲಿ ನಡೆಯುತ್ತಿದ್ದ. ಮುಂದೆ ಹೋಗಲು ಹೆದರಿಕೆ, ತಿರುಗಿ ಮನೆಯ ಕಡೆ ಹೋಗಲು ಅದಕ್ಕಿಂತ ಹೆದರಿಕೆ. ಮನೆಯಲ್ಲಿ ಲಾಲಬಿಗೆ ಈಗ ಗೊತ್ತಾಗಿರುತ್ತದೆ.

ಕಬರಸ್ತಾನಕ್ಕೆ ಹೊರಳುವ ಜಾಲಿ ಗಿಡಗಳ ಹಾದಿಯಲ್ಲಿ ಹಿಂದಿನ ಎಡಗಡೆಯ ಹೆಗಲು ಸೈಫನದಾಗಿತ್ತು. ನಡೆಯುತ್ತ ನಡೆಯುತ್ತ ಅವನು ಯಾರಿಗೂ ಹೇಳದೆ ಕೆಳಗಿನಿಂದ ಸರಿದು ಹಾದಿಯ ಬದಿಗೆ ನಿಂತ. ಬದಲಿಗೆ ಯಾರನ್ನೂ ಕರೆಯಲಿಲ್ಲ. ಹಿಂದೆ ತಿರುಗಿ ನೋಡಲಿಲ್ಲ. ಹತ್ತಿರವಿದ್ದವರು ಅವನ ಮುಖ ನೋಡಿ ಅಲ್ಲೇ ನಿಂತರು. ಜನಾಜಾ ಮೂರು ಹೆಗಲ ಮೇಲೆ ಮುಂದಕ್ಕೆ ಹೋಯಿತು. ಖಾಲಿ ಮೂಲೆ ಕೆಳಗಿಳಿಯಿತು. ಮೇಲಿನ ಹೂವಿನ ಚಾದರ ಜಾರಿ, ಎಸಳು ಒಂದೊಂದೇ ಧೂಳಿಗೆ ಬೀಳತೊಡಗಿದವು.

ಅದು ತನಗೆ ಬಿಟ್ಟ ಜಾಗವೋ, ಸಿಟ್ಟಿಗೆ ಬಿಟ್ಟದ್ದೋ ಅಮೋಗಸಿದ್ದನಿಗೆ ತಿಳಿಯಲಿಲ್ಲ. ತಿಳಿಯುವವರೆಗೆ ನಿಲ್ಲಲೂ ಆಗಲಿಲ್ಲ. ಅರವತ್ತೇಳರ ಕಾಲು ಓಡಿದವು. ಸೈಫನನ್ನು ದಾಟುವಾಗ ಪೆಟ್ಟು ಬೀಳುತ್ತದೇನೋ ಎಂದು ಕುತ್ತಿಗೆ ತಾನಾಗಿಯೇ ಕುಗ್ಗಿತು. ಬೀಳಲಿಲ್ಲ. ಹೋಗಿ ಹೆಗಲು ಕೊಟ್ಟ.

ಸೈಫನಷ್ಟು ಎತ್ತರ ಅವನಿರಲಿಲ್ಲ. ಹೆಗಲು ಕೊಟ್ಟರೂ ಆ ಮೂಲೆ ಇನ್ನೂ ಕೆಳಗೇ ಇತ್ತು. ಹಿಂದೆ ಹೆಜ್ಜೆ ಸಪ್ಪಳ ಹತ್ತಿರ ಹತ್ತಿರ ಬರುತ್ತಿತ್ತು. ಅಮೋಗಸಿದ್ದ ತಿರುಗಿ ನೋಡಲಿಲ್ಲ. ಹಿಮ್ಮಡಿ ಎತ್ತಿ, ತುದಿಗಾಲ ಮೇಲೆ, ಜನಾಜಾ ಸಮ ಮಾಡಿಕೊಂಡು ನಡೆದ.